ಸುಳ್ಳು ಸಾಲದ ದಾವೆ: ಕಲ್ಯಾಣದ ಮಿತಾಕ್ಷರೆಯಿಂದ ಗಂಗಾವತಿಯ ಕಟಕಟೆಯವರೆಗೆ

'ವ್ಯವಹಾರ' ಎಂಬ ಶಬ್ದಕ್ಕೆ ಇಂದಿನ ಕನ್ನಡದಲ್ಲಿ ಕೊಡುಕೊಳ್ಳುವಿಕೆ, ವ್ಯಾಪಾರ, ಲೇವಾದೇವಿ ಎಂಬ ಅರ್ಥಗಳೇ ಪ್ರಧಾನ. ಧರ್ಮಶಾಸ್ತ್ರಕಾರರ ಪರಿಭಾಷೆಯಲ್ಲಿ ಅದೇ ಶಬ್ದಕ್ಕೆ ನ್ಯಾಯಸಭೆಯ ಮುಂದಿನ ಮೊಕದ್ದಮೆ ಎಂಬ ಅರ್ಥವಿದೆ. ಯಾಜ್ಞವಲ್ಕ್ಯಸ್ಮೃತಿಯ ಎರಡನೆಯ ಅಧ್ಯಾಯದ ಹೆಸರೇ ವ್ಯವಹಾರಾಧ್ಯಾಯ. ಒಂದೇ ಶಬ್ದ ಅಂಗಡಿಯ ಗಲ್ಲೆಯನ್ನೂ ನ್ಯಾಯಾಲಯದ ಕಟಕಟೆಯನ್ನೂ ಸೂಚಿಸುವುದು ಕೇವಲ ಭಾಷೆಯ ಆಕಸ್ಮಿಕವೆನಿಸುವುದಿಲ್ಲ. ಕೊಟ್ಟದ್ದು, ಕೊಂಡದ್ದು, ತೀರಿಸಿದ್ದು ಇವುಗಳ ಲೆಕ್ಕ ಇಬ್ಬರಲ್ಲಿ ಒಬ್ಬನ ಬಾಯಲ್ಲಿ ಬದಲಾದ ಕ್ಷಣದಲ್ಲಿ ಮೊದಲನೆಯ ವ್ಯವಹಾರ ಮುಗಿದು ಎರಡನೆಯದು ಆರಂಭವಾಗುತ್ತದೆ. ಮೊದಲನೆಯದು ಒಂದು ಸುಗ್ಗಿಯಲ್ಲಿ ಮುಗಿಯಬಹುದು. ಎರಡನೆಯದು ಒಂದು ತಲೆಮಾರನ್ನೇ ತಿನ್ನಬಹುದು.

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಮರಳಿ ಹೋಬಳಿಯಂಥ ಸೀಮೆಯಲ್ಲಿ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. 1953ರಲ್ಲಿ ತುಂಗಭದ್ರಾ ಜಲಾಶಯದಿಂದ ಕಾಲುವೆಗಳಿಗೆ ನೀರು ಹರಿಯಲಾರಂಭಿಸಿದ ಮೇಲೆ ಎಡದಂಡೆಯ ಈ ನೆಲ ಜೋಳ, ನವಣೆಗಳನ್ನು ಬಿಟ್ಟು ಭತ್ತಕ್ಕೆ ತಿರುಗಿತು. ಭತ್ತದ ಬೆನ್ನಿಗೇ ಅಕ್ಕಿ ಗಿರಣಿ, ಗಿರಣಿಯ ಬೆನ್ನಿಗೇ ದಲಾಲಿ ಅಂಗಡಿ, ಅಂಗಡಿಯ ಬೆನ್ನಿಗೇ ಉದ್ರಿಯ ಖಾತೆ ಬಂದವು. ನಾಟಿಯ ಹೊತ್ತಿಗೆ ಗೊಬ್ಬರ, ಬೀಜ, ಕೈಗಡ; ಕಟಾವಿನ ಹೊತ್ತಿಗೆ ಲೆಕ್ಕ. ವಿಶ್ವಾಸವೇ ಇಲ್ಲಿ ಬಂಡವಾಳ. ಆ ವಿಶ್ವಾಸದ ಗುರುತಾಗಿ ಅನೇಕರು ಮೊತ್ತ ಬರೆಯದ ನೋಟಿಗೆ ಸಹಿ ಹಾಕಿ ಕೊಡುತ್ತಾರೆ. ಸಾಲ ತೀರಿದ ದಿನ ಆ ಕಾಗದವನ್ನು ಕೇಳಿ ಪಡೆಯುವುದು ಸಂಕೋಚದ ಸಂಗತಿ; 'ಎಲ್ಲೋ ಇದೆ, ಹುಡುಕಿ ಕೊಡುತ್ತೇನೆ' ಎಂಬ ಉತ್ತರವನ್ನು ಪ್ರಶ್ನಿಸುವುದು ಅದಕ್ಕಿಂತಲೂ ದೊಡ್ಡ ಸಂಕೋಚ. ವರ್ಷಗಳ ನಂತರ ಅದೇ ಕಾಗದ ತುಂಬಿದ ಮೊತ್ತದೊಂದಿಗೆ, ಬಡ್ಡಿಯ ಲೆಕ್ಕದೊಂದಿಗೆ, ನ್ಯಾಯಾಲಯದ ಸಮನ್ಸಿಗೆ ಲಗತ್ತಾಗಿ ಮನೆಬಾಗಿಲಿಗೆ ಬರುತ್ತದೆ.

ಇಲ್ಲದ ಸಾಲವನ್ನು ಇದೆಯೆಂದು ಸಾಧಿಸಹೊರಟವನಿಗೆ ಏನು ಮಾಡಬೇಕು? ಈ ಪ್ರಶ್ನೆಗೆ ಕನ್ನಡ ನಾಡಿನಲ್ಲಿಯೇ ಒಂದು ಖಚಿತವಾದ ಉತ್ತರ ಬರೆಯಲ್ಪಟ್ಟಿತ್ತು. ಆ ಉತ್ತರ ಹುಟ್ಟಿದ ಕಾಲವನ್ನು ಕಣ್ಣಿಗೆ ತಂದುಕೊಳ್ಳಲು ಕೊಪ್ಪಳ ಜಿಲ್ಲೆಯಿಂದ ಹೊರಗೆ ಹೋಗಬೇಕಾಗಿಲ್ಲ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ ಇಟಗಿಯಲ್ಲಿ ಮಹಾದೇವ ದಂಡನಾಯಕನು 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವಿದೆ. ಶಾಸನ ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಆಗ ಕಲ್ಯಾಣದ ಸಿಂಹಾಸನದಲ್ಲಿದ್ದವನು ಆರನೆಯ ವಿಕ್ರಮಾದಿತ್ಯ (1076–1126). ಅದೇ ಅರಸನ ಆಳ್ವಿಕೆಯಲ್ಲಿ, ಅದೇ ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ರಚಿಸಿದನು. ಕಲಬುರ್ಗಿಯ ಬಳಿಯ ಮರತೂರಿನೊಂದಿಗೆ ಅವನ ಹೆಸರನ್ನು ಕೂಡಿಸುವುದುಂಟು. ಹೆಸರಿಗೆ 'ಮಿತ ಅಕ್ಷರ'ದ ಗ್ರಂಥವಾದರೂ ಬಂಗಾಳವೊಂದನ್ನು ಬಿಟ್ಟು ಭಾರತದ ಬಹುಭಾಗದಲ್ಲಿ ಹಿಂದೂ ದಾಯಭಾಗಕ್ಕೆ ಅದು ಆಧಾರವಾಗಿ ಉಳಿಯಿತು. ಆಸ್ತಿ ಹಂಚಿಕೆಯ ಚರ್ಚೆಯಲ್ಲಿ ಮಾತ್ರ ಅದರ ಹೆಸರನ್ನು ಕೇಳಿದವರು ಸಾಲದ ಮೊಕದ್ದಮೆಯ ಕುರಿತು ಅದು ಹೇಳುವುದನ್ನು ಅಷ್ಟಾಗಿ ಗಮನಿಸಿಲ್ಲ.

ಮೊಕದ್ದಮೆಗೆ ನಾಲ್ಕು ಪಾದಗಳೆಂದು ಆ ಸಂಪ್ರದಾಯ ಎಣಿಸುತ್ತದೆ: ವಾದಿಯ ಭಾಷೆ, ಪ್ರತಿವಾದಿಯ ಉತ್ತರ, ಸಾಕ್ಷ್ಯಾಧಾರಗಳ ಕ್ರಿಯೆ, ಕೊನೆಗೆ ಸಾಧ್ಯಸಿದ್ಧಿ, ಅಂದರೆ ತೀರ್ಪು. ಇವುಗಳಲ್ಲಿ ಉತ್ತರದ ವಿವೇಚನೆ ಬಹಳ ಸೂಕ್ಷ್ಮವಾದುದು. ಪ್ರತಿವಾದಿ ನಾಲ್ಕು ಬಗೆಯಲ್ಲಿ ಉತ್ತರ ಕೊಡಬಹುದು. 'ನಾನು ಈ ಹಣ ಪಡೆದೇ ಇಲ್ಲ' ಎಂದರೆ ಮಿಥ್ಯೋತ್ತರ. 'ಹೌದು, ಕೊಡಬೇಕು' ಎಂದರೆ ಸಂಪ್ರತಿಪತ್ತಿ. 'ಪಡೆದದ್ದು ನಿಜ, ಆದರೆ ತೀರಿಸಿದ್ದೇನೆ' ಎಂದರೆ ಪ್ರತ್ಯವಸ್ಕಂದನ. 'ಇದೇ ವಿಷಯದಲ್ಲಿ ಹಿಂದೆಯೇ ಇವನು ಸೋತಿದ್ದಾನೆ' ಎಂದರೆ ಪ್ರಾಙ್ನ್ಯಾಯ. ಮಿಥ್ಯೋತ್ತರ ಬಂದರೆ ಸಾಧಿಸುವ ಹೊಣೆ ವಾದಿಯದು. ತೀರಿಸಿದ್ದೇನೆ ಎಂದವನು ಮಾತ್ರ ತೀರಿಸಿದ್ದನ್ನು ತಾನೇ ಸಾಧಿಸಬೇಕು. ಸುಳ್ಳು ಸಾಲದ ದಾವೆಗಳ ಮರ್ಮವೆಲ್ಲ ಈ ಎರಡರ ನಡುವಿನ ಅಂತರದಲ್ಲಿದೆ. ಎಂದೂ ಸಾಲ ಮಾಡದವನ ಮೇಲೆ ಸುಳ್ಳು ದಾವೆ ಹೂಡುವುದು ಕಷ್ಟ. ಪ್ರಾಮಾಣಿಕವಾಗಿ ಸಾಲ ಮಾಡಿ ಪ್ರಾಮಾಣಿಕವಾಗಿ ತೀರಿಸಿದವನ ಮೇಲೆ ಹೂಡುವುದು ಸುಲಭ.

ಅದಕ್ಕೆಂದೇ ಸ್ಮೃತಿ ಪತ್ರದ ವಿಷಯದಲ್ಲಿ ಕಟ್ಟುನಿಟ್ಟಾಗಿದೆ. ವರ್ಷ, ಮಾಸ, ಪಕ್ಷ, ದಿನ, ಹೆಸರು, ತಂದೆಯ ಹೆಸರು ಎಲ್ಲವೂ ಪತ್ರದಲ್ಲಿರಬೇಕು. ಸ್ವಹಸ್ತದಲ್ಲಿ ಬರೆದ ಪತ್ರಕ್ಕೆ ಸಾಕ್ಷಿ ಇಲ್ಲದಿದ್ದರೂ ನಡೆದೀತು, ಆದರೆ ಬಲಾತ್ಕಾರದಿಂದಲೋ ಮೋಸದಿಂದಲೋ ಬರೆಯಿಸಿಕೊಂಡದ್ದು ಪ್ರಮಾಣವಲ್ಲ. ಕಂತುಕಂತಾಗಿ ಹಣ ಕೊಟ್ಟಾಗಲೆಲ್ಲ ಪತ್ರದ ಬೆನ್ನಿನ ಮೇಲೆಯೇ ಅದನ್ನು ಬರೆಯಬೇಕು, ಇಲ್ಲವೆ ಧನಿಕನು ತನ್ನ ಕೈಬರಹದ ರಸೀದಿ ಕೊಡಬೇಕು. ಪೂರ್ತಿ ತೀರಿದ ದಿನ ಪತ್ರವನ್ನು ಹರಿದು ಹಾಕಬೇಕು. ಪತ್ರ ಕೈಗೆ ಸಿಗದಿದ್ದರೆ ಋಣಶುದ್ಧಿಗಾಗಿ ಬೇರೊಂದು ಪತ್ರ ಬರೆಯಿಸಬೇಕು. 'ಎಲ್ಲೋ ಇದೆ, ಹುಡುಕಿ ಕೊಡುತ್ತೇನೆ' ಎನ್ನುವ ಧನಿಕ ಆ ಕಾಲದಲ್ಲಿಯೂ ಇದ್ದನೆಂಬುದಕ್ಕೆ ಈ ಕೊನೆಯ ನಿಯಮಕ್ಕಿಂತ ಬೇರೆ ಸಾಕ್ಷಿ ಬೇಡ. ಪತ್ರದ ಸಾಲ ಮೂರು ತಲೆಮಾರುಗಳವರೆಗೆ ಬೆನ್ನುಹತ್ತುತ್ತದೆ ಎಂಬ ನಿಯಮವೂ ಪಕ್ಕದಲ್ಲಿಯೇ ಇದೆ. ಹರಿಯದೆ ಉಳಿದ ಕಾಗದ ಮೊಮ್ಮಗನನ್ನೂ ಹುಡುಕಿಕೊಂಡು ಬರಬಹುದಾಗಿತ್ತು.

ಇನ್ನು ಸುಳ್ಳಿನ ಬೆಲೆ. ಪ್ರತಿವಾದಿ ಸಾಲವನ್ನು ಅಲ್ಲಗಳೆದು, ಅದು ಸಾಕ್ಷ್ಯದಿಂದ ಸಿದ್ಧವಾದರೆ, ಅವನು ಧನಿಕನಿಗೆ ಆ ಹಣವನ್ನೂ ಅರಸನಿಗೆ ಅಷ್ಟೇ ದಂಡವನ್ನೂ ಕೊಡಬೇಕು. ವಾದಿಯ ಆರೋಪವೇ ಸುಳ್ಳಾದರೆ ಅವನು ತೆರಬೇಕಾದುದು ತಾನು ಕೇಳಿದ ಮೊತ್ತದ ಎರಡರಷ್ಟು. ನೂರು ಗದ್ಯಾಣದ ಸುಳ್ಳು ಸಾಲ ಹೇಳಿದವನಿಗೆ ಇನ್ನೂರು ಗದ್ಯಾಣ. ಸುಳ್ಳು ನಿರಾಕರಣೆಗಿಂತ ಸುಳ್ಳು ದಾವೆ ಹೆಚ್ಚಿನ ಅಪರಾಧ ಎಂಬ ತಾರತಮ್ಯ ಇಲ್ಲಿ ಸ್ಪಷ್ಟವಾಗಿದೆ. ಕೊಡಲಾರದವನು ಭಯದಿಂದ ಇಲ್ಲವೆನ್ನಬಹುದು. ಇಲ್ಲದ್ದನ್ನು ಸೃಷ್ಟಿಸಿ ಸಭೆಗೆ ತರುವವನು ಯೋಚಿಸಿಯೇ ತರುತ್ತಾನೆ. ಈ ದಂಡ ಬರಿಯ ಬೆದರಿಕೆಯಾಗಿ ಉಳಿಯದಂತೆ ಮತ್ತೊಂದು ಏರ್ಪಾಡೂ ಇದೆ: ತೀರ್ಪನ್ನು ನೆರವೇರಿಸಬಲ್ಲ ಸಮರ್ಥನಾದ ಜಾಮೀನುದಾರನನ್ನು ಆರಂಭದಲ್ಲಿಯೇ ಇಬ್ಬರಿಂದಲೂ ಪಡೆಯಬೇಕು. ಇಬ್ಬರಿಂದಲೂ ಎಂಬ ಮಾತು ಮುಖ್ಯ. ದಾವೆ ಹೂಡಿದವನೂ ತನ್ನ ಸತ್ಯಕ್ಕೆ ಒಬ್ಬನನ್ನು ಹೊಣೆಯಾಗಿ ನಿಲ್ಲಿಸಬೇಕಾಗಿತ್ತು.

ಇದನ್ನೆಲ್ಲ ಓದಿ ಹನ್ನೆರಡನೆಯ ಶತಮಾನದ ನ್ಯಾಯಸಭೆಗಳು ಸತ್ಯಲೋಕದಂತಿದ್ದವೆಂದು ಭಾವಿಸಬೇಕಾಗಿಲ್ಲ. ಆ ಎರಡರಷ್ಟು ದಂಡ ಹೋಗುವುದು ಅರಸನ ಬೊಕ್ಕಸಕ್ಕೆ. ಅಲೆದಾಡಿ ಬಳಲಿದ ಪ್ರತಿವಾದಿಯ ಕೈಗಲ್ಲ. ಸಾಕ್ಷಿ, ದಂಡ, ದಿವ್ಯಗಳಲ್ಲಿ ವರ್ಣಭೇದವಿದೆ. ತುಟಿ ನೆಕ್ಕುವವನು, ಹಣೆ ಬೆವರುವವನು, ಮಾತು ತಡವರಿಸುವವನು ಸುಳ್ಳುಗಾರನಿರಬಹುದೆಂಬ ಲಕ್ಷಣಪಟ್ಟಿಯಿದೆ. ನ್ಯಾಯಸಭೆಯನ್ನೇ ಮೊದಲ ಬಾರಿ ಕಂಡ ಒಕ್ಕಲಿಗನ ಪಾಡು ಅದರ ಮುಂದೆ ಏನಾಗುತ್ತಿತ್ತೋ. ಗ್ರಂಥದ ನಿಯಮಗಳೆಲ್ಲ ಅಕ್ಷರಶಃ ಆಚರಣೆಯಲ್ಲಿದ್ದವೆಂದು ಶಾಸನಗಳ ಬಲದಿಂದ ಹೇಳಲೂ ಬರುವುದಿಲ್ಲ. ಆದರೆ ವಣಿಜರ ವ್ಯಾಜ್ಯ ಅರಸನ ತನಕ ಹೋಗಬೇಕಾಗಿರಲಿಲ್ಲ ಎಂಬುದನ್ನು ನೆನೆಯಬೇಕು. ಕುಲ, ಶ್ರೇಣಿ, ಪೂಗಗಳಿಗೆ ನ್ಯಾಯ ಹೇಳುವ ಅಧಿಕಾರವನ್ನು ಸ್ಮೃತಿ ಒಪ್ಪುತ್ತದೆ. ಅಯ್ಯಾವೊಳೆಯ ಐನೂರ್ವರು, ನಕರಗಳು ಶಾಸನಗಳಲ್ಲಿ ಕಾಣಿಸಿಕೊಳ್ಳುವ ಕಾಲವದು. ಲೆಕ್ಕ ಬಲ್ಲವರ ಮುಂದೆಯೇ ಲೆಕ್ಕದ ಜಗಳ ನಡೆಯುತ್ತಿದ್ದರೆ ಸುಳ್ಳು ಖಾತೆ ಬಹುಕಾಲ ನಿಲ್ಲುವುದು ಕಷ್ಟ.

ಮಿತಾಕ್ಷರೆಗಿಂತ ಹಲವು ಶತಮಾನಗಳ ಹಿಂದೆ ಇದೇ ನಾಡಿನಲ್ಲಿ ಬಾಳಿದ ಪೂಜ್ಯಪಾದರು ಈ ಅಪರಾಧವನ್ನು ಬೇರೊಂದು ಕಡೆಯಿಂದ ನೋಡಿದ್ದಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಗೃಹಸ್ಥನ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಕೂಟಲೇಖಕ್ರಿಯೆ ಮತ್ತು ನ್ಯಾಸಾಪಹಾರ ಎರಡೂ ನೇರವಾಗಿ ವ್ಯಾಪಾರಿಯ ಜಗತ್ತಿಗೆ ಸೇರಿದವು. ಒಬ್ಬನು ಆಡದ ಮಾತನ್ನು ಆಡಿದನೆಂದು, ಮಾಡದ ಕೆಲಸವನ್ನು ಮಾಡಿದನೆಂದು, ಮತ್ತೊಬ್ಬರ ಪ್ರೇರಣೆಯಿಂದ ವಂಚನೆಗಾಗಿ ಬರೆದಿಡುವುದೇ ಕೂಟಲೇಖಕ್ರಿಯೆ ಎಂದು ಸರ್ವಾರ್ಥಸಿದ್ಧಿ ವಿವರಿಸುತ್ತದೆ. ನ್ಯಾಸಾಪಹಾರದ ವಿವರಣೆ ಇನ್ನೂ ಸೂಕ್ಷ್ಮ: ಇಟ್ಟವನು ಎಷ್ಟಿಟ್ಟೆನೆಂಬುದನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು 'ಹಾಗೇ ಇರಲಿ' ಎಂದು ಒಪ್ಪಿಕೊಂಡರೆ ಅಷ್ಟೇ ಸಾಕು. ಸುಳ್ಳು ಹೇಳಬೇಕಾಗಿಯೂ ಇಲ್ಲ, ಸುಮ್ಮನಿದ್ದರೂ ವ್ರತಕ್ಕೆ ಊನ. ಕೊಪಣ ಮಹಾತೀರ್ಥವೆಂದು ಹೆಸರಾಗಿದ್ದ ಕೊಪ್ಪಳದ ಬೆಟ್ಟಗಳಿಗೆ ಬರುತ್ತಿದ್ದ ಶ್ರಾವಕರಲ್ಲಿ ವಣಿಜರೂ ಇದ್ದರೆಂಬುದನ್ನು ನೆನೆದರೆ, ಈ ವ್ಯಾಖ್ಯಾನ ಯಾರನ್ನು ಎದುರಿಗಿಟ್ಟುಕೊಂಡಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಲೆಕ್ಕ ಮುಗಿಸಿ ಬಿಡುಗಡೆಯ ಪತ್ರ ಪಡೆಯುವುದೇ ಎಷ್ಟು ದೊಡ್ಡ ತಪಸ್ಸು ಎಂಬುದಕ್ಕೆ ಉತ್ತರ ಭಾರತದ ಜೈನ ವ್ಯಾಪಾರಿಯೊಬ್ಬನ ಆತ್ಮಕಥೆ ಸಾಕ್ಷಿ. ಜೌನಪುರದಲ್ಲಿ 1586ರಲ್ಲಿ ಹುಟ್ಟಿದ ಬನಾರಸೀದಾಸ 1641ರಲ್ಲಿ ಆಗ್ರಾದಲ್ಲಿ 'ಅರ್ಧಕಥಾನಕ'ವನ್ನು ಪದ್ಯದಲ್ಲಿ ಬರೆದನು. ಪಾಲುದಾರಿಕೆಯ ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು ಅವನು ಸಬಲಸಿಂಹ ಮೋಠಿಯಾ ಎಂಬ ಸಿರಿವಂತನ ಮನೆಗೆ ದಿನವೂ ನಡೆಯುತ್ತಾನೆ. ಅಲ್ಲಿ ಹಾಡು, ವಾದ್ಯ, ವಿಲಾಸ. ಲೆಕ್ಕದ ಮಾತೆತ್ತಲು ಹೊತ್ತು ಎಂದೂ ಕೂಡಿಬರುವುದಿಲ್ಲ. ಕೊನೆಗೆ ಆ ಸಿರಿವಂತನ ನೆಂಟನಾದ ಅಂಗಾಶಾಹ ನಡುವೆ ಬಂದು ಕಾಗದ ತರಿಸಿ ಫಾರಿಖತಿ ಮಾಡಿಸಿಕೊಡುತ್ತಾನೆ. ಬನಾರಸಿ ಅಲ್ಲಿ ಪ್ರತಿವಾದಿಯಲ್ಲ, ಅವನ ಮೇಲೆ ಸುಳ್ಳು ಆರೋಪವೂ ಇರಲಿಲ್ಲ. ಆದರೂ ತಿಂಗಳುಗಟ್ಟಲೆ ಅಲೆದು ಆ ಒಂದು ಕಾಗದವನ್ನು ಪಡೆದೇ ತೀರಿದನು. ಅದಿಲ್ಲದೆ ಹೋದರೆ ಮುಂದೆ ಏನಾಗಬಹುದೆಂಬುದು ಅವನಂಥ ವ್ಯಾಪಾರಿಗೆ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಲ್ಲದ ಸಾಲದ ಕಥೆಗೆ ಒಂದು ರಾಜ್ಯವೇ ಪ್ರತಿವಾದಿಯ ಸ್ಥಾನದಲ್ಲಿ ನಿಂತ ಪ್ರಸಂಗ ಕೊಪ್ಪಳ ಸೀಮೆಯ ಒಡೆಯರ ಮನೆಗೇ ಸಂಬಂಧಿಸಿದುದು. ಹೈದರಾಬಾದಿನಲ್ಲಿ ವಿಲಿಯಂ ಪಾಮರ್ ಎಂಬವನು ತನ್ನ ಹೆಸರಿನ ಕಂಪನಿ ತೆರೆದಿದ್ದನು. ಅವನ ತಂದೆ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ, ತಾಯಿ ಭಾರತೀಯ ಮುಸ್ಲಿಂ ಮಹಿಳೆ. ಸರ್ ವಿಲಿಯಂ ರಂಬೋಲ್ಡ್ ಎಂಬ ಪಾಲುದಾರನಿಗೆ ಗವರ್ನರ್ ಜನರಲ್ ಲಾರ್ಡ್ ಹೇಸ್ಟಿಂಗ್ಸ್‌ನ ಕುಟುಂಬದೊಂದಿಗೆ ನಂಟಸ್ತಿಕೆ. ಐರೋಪ್ಯರು ದೇಶೀಯ ಅರಸರಿಗೆ ಸಾಲ ಕೊಡುವುದನ್ನು ಬ್ರಿಟಿಷ್ ಸಂಸತ್ತಿನ ಕಾಯಿದೆ ನಿಷೇಧಿಸಿತ್ತು. ಗವರ್ನರ್ ಜನರಲ್ 1816ರಲ್ಲಿ ಈ ಕಂಪನಿಗೆ ವಿಶೇಷ ಪರವಾನಗಿ ಕೊಟ್ಟನು. ನಿಜಾಮ ಸಿಕಂದರ್ ಝಾನ ಸರ್ಕಾರ ಅದರಿಂದ ಮೇಲಿಂದ ಮೇಲೆ ಸಾಲ ಪಡೆಯಿತು. ದಿವಾನ ಮುನೀರ್-ಉಲ್-ಮುಲ್ಕ್ ಹೆಸರಿಗೆ ಮಾತ್ರ. ಅಧಿಕಾರವೆಲ್ಲ ಪೇಶ್ಕಾರ ಚಂದೂಲಾಲನ ಕೈಯಲ್ಲಿ.

1820ರಲ್ಲಿ 60 ಲಕ್ಷ ರೂಪಾಯಿಗಳ ಹೊಸ ಸಾಲವೊಂದು ಕಾಗದದ ಮೇಲೆ ಸಿದ್ಧವಾಯಿತು. ಆ ವರ್ಷದ ಕೊನೆಯಲ್ಲಿ ರೆಸಿಡೆಂಟನಾಗಿ ಬಂದ ಚಾರ್ಲ್ಸ್ ಮೆಟ್ಕಾಫ್ ಲೆಕ್ಕ ಕೆದಕಿದಾಗ, ಅದರಲ್ಲಿ 8 ಲಕ್ಷ ಯಾರಿಗೂ ಕೊಟ್ಟದ್ದೇ ಅಲ್ಲ, ಪಾಲುದಾರರು ತಮಗೆ ತಾವೇ ಬರೆದುಕೊಂಡ ಲಾಭವೆಂಬುದು ಹೊರಬಂದಿತು. ಉಳಿದುದರಲ್ಲಿಯೂ ಬಹುಪಾಲು ಹಳೆಯ ಬಾಕಿಯನ್ನೇ ಹೊಸ ಖಾತೆಗೆ ಹೊರಳಿಸಿದ್ದು. ಸಾಲಿಗನ ಖಾತೆಯಲ್ಲಿ ಹಳೆಯ ಬಡ್ಡಿ ಹೊಸ ಅಸಲಾಗುವ ತಂತ್ರ ಹಳ್ಳಿಯ ಸಾಹುಕಾರನಿಂದ ಈ ಮಹಾಕಂಪನಿಯವರೆಗೆ ಒಂದೇ. ಒಮ್ಮೆಗೆ ವಸೂಲು ಮಾಡುವಾಗ ಬಡ್ಡಿ ಅಸಲನ್ನು ಮೀರಬಾರದು ಎಂಬ ಧರ್ಮಶಾಸ್ತ್ರದ ದಾಮದುಪ್ಪಟ ನಿಯಮವನ್ನು ದಾಟಲು ಕಂಡುಕೊಂಡ ದಾರಿಯೂ ಇದೇ. 1823ರಲ್ಲಿ ಕಂಪನಿ ಸರ್ಕಾರ ಉತ್ತರ ಸರ್ಕಾರ್ ಜಿಲ್ಲೆಗಳಿಗಾಗಿ ನಿಜಾಮನಿಗೆ ವರ್ಷಕ್ಕೆ ಕೊಡಬೇಕಾಗಿದ್ದ 7 ಲಕ್ಷದ ಪೇಷ್ಕಷನ್ನು ಶಾಶ್ವತವಾಗಿ ಬಿಡಿಸಿಕೊಂಡು, ಅದಕ್ಕೆ ಬದಲಾಗಿ ಸುಮಾರು 1 ಕೋಟಿ 16 ಲಕ್ಷ ರೂಪಾಯಿ ಕೊಟ್ಟು, ಆ ಹಣದಿಂದ ಪಾಮರ್ ಸಾಲವನ್ನು ತೀರಿಸಿತು. ಎಂಟು ಲಕ್ಷ ಕೊಡದೆಯೇ ಬರೆದುಕೊಂಡವರಿಗೆ ಎರಡರಷ್ಟು ದಂಡವಂತೂ ಬೀಳಲಿಲ್ಲ. ರಾಜ್ಯ ತನ್ನ ಶಾಶ್ವತ ಆದಾಯವೊಂದನ್ನು ಕಳೆದುಕೊಂಡಿತು.

ಕಂಪನಿ 1824ರಲ್ಲಿ ಮುಳುಗಿತು, ಆದರೆ ಅದರ ಹಕ್ಕೊತ್ತಾಯಗಳು ಮುಳುಗಲಿಲ್ಲ. 1825ರಲ್ಲಿ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಷೇರುದಾರರ ಸಭೆ ಹೈದರಾಬಾದಿನ ಕಾಗದಪತ್ರಗಳ ಮೇಲೆ ದಿನಗಟ್ಟಲೆ ವಾದಿಸಿತು. ಮುನೀರ್-ಉಲ್-ಮುಲ್ಕನಿಂದ ಪಾಮರ್ ಕಂಪನಿಗೆ ಬರಬೇಕೆನ್ನಲಾದ ಬಾಕಿಯ ಕುರಿತ ಪತ್ರವೊಂದನ್ನು ಭಾರತಕ್ಕೆ ಕಳುಹಿಸಬೇಕೆ ಬೇಡವೆ ಎಂಬ ಜಗಳ ನಿರ್ದೇಶಕರಿಗೂ ಬೋರ್ಡ್ ಆಫ್ ಕಂಟ್ರೋಲಿಗೂ ನಡುವೆ ಬೆಳೆದು 1833ರಲ್ಲಿ ಕಿಂಗ್ಸ್ ಬೆಂಚ್ ನ್ಯಾಯಾಲಯದ ಆಜ್ಞೆಯವರೆಗೆ ಹೋಯಿತು. ಆ ಮುನೀರ್-ಉಲ್-ಮುಲ್ಕನ ಮೊಮ್ಮಗನೇ ಹೆಸರಾಂತ ದಿವಾನ ಮೊದಲನೆಯ ಸಾಲಾರ್ ಜಂಗ್. ಕೊಪ್ಪಳ, ಯಲಬುರ್ಗಾಗಳು ಆ ಮನೆತನದ ಜಹಗೀರು. ದಿವಾನನ ಬಾಕಿಯ ಕಡತವೇ ಎರಡು ಖಂಡಗಳ ನಡುವೆ ಹೀಗೆ ಅಲೆಯುತ್ತಿದ್ದ ಕಾಲದಲ್ಲಿ, ಅವನ ಜಹಗೀರಿನ ಒಕ್ಕಲಿಗನ ಸಾಲದ ಕಾಗದಕ್ಕೆ ಯಾರು ಹೊಣೆ?

ಒಕ್ಕಲಿಗನ ಕಾಗದದ ಕಥೆ ಸರ್ಕಾರದ ಕಡತಕ್ಕೆ ಏರಿದ್ದು ಕೃಷ್ಣೆಯ ಆಚೆ, ಬ್ರಿಟಿಷರ ಬೊಂಬಾಯಿ ಪ್ರಾಂತದಲ್ಲಿ. 1859ರ ಕಾಲಮಿತಿ ಕಾಯಿದೆ ನೋಂದಣಿಯಾಗದ ಸಾಲಪತ್ರಗಳಿಗೆ ಮೂರು ವರ್ಷದ ಗಡುವು ಹಾಕಿತು. ಸಾಲಗಾರನ ರಕ್ಷಣೆಗೆಂದು ಮಾಡಿದ ಈ ನಿಯಮ ಸಾಹುಕಾರನ ಆಯುಧವಾಯಿತು: ಮೂರು ವರ್ಷಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ. ಓದಲು ಬಾರದವನ ಹೆಬ್ಬೆಟ್ಟು, ಅವನು ಹಾಜರಾಗದೆಯೇ ಆಗುವ ಏಕಪಕ್ಷೀಯ ಡಿಕ್ರಿ, ಅದರ ಹಿಂದೆ ಜಪ್ತಿ. 1875ರ ಮೇ 12ರಂದು ಪುಣೆ ಜಿಲ್ಲೆಯ ಸೂಪಾದಲ್ಲಿ ಎದ್ದ ಜನ ಸಾಹುಕಾರರ ಮನೆಗಳಲ್ಲಿ ಮುಖ್ಯವಾಗಿ ಹುಡುಕಿದ್ದು ಸಾಲಪತ್ರಗಳನ್ನು ಮತ್ತು ಲೆಕ್ಕದ ವಹಿಗಳನ್ನು; ಅವನ್ನು ಸುಟ್ಟರು. ತೀರಿದ ಸಾಲದ ಪತ್ರವನ್ನು ಹರಿಯಬೇಕೆಂಬ ಹಳೆಯ ವಿಧಿಯನ್ನು ನ್ಯಾಯಾಲಯ ನೆರವೇರಿಸಲಿಲ್ಲ. ಬೆಂಕಿ ನೆರವೇರಿಸಿತು, ತೀರದ ಸಾಲದ ಪತ್ರಗಳನ್ನೂ ಸೇರಿಸಿಕೊಂಡು. ತರುವಾಯ ಬಂದ 1879ರ ದಖನ್ ಕೃಷಿಕರ ಪರಿಹಾರ ಕಾಯಿದೆ ನ್ಯಾಯಾಧೀಶನಿಗೆ ಪತ್ರದ ಮೇಲಿನ ಮೊತ್ತದಲ್ಲಿಯೇ ನಿಲ್ಲದೆ ಸಾಲದ ಪೂರ್ವಚರಿತ್ರೆಯನ್ನು ಮೊದಲಿನಿಂದ ವಿಚಾರಿಸುವ ಕರ್ತವ್ಯ ವಿಧಿಸಿತು. ಮೊದಲು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರಗಳಿಗೆ ಅನ್ವಯಿಸಿದ್ದ ಆ ಕಾಯಿದೆ ಮುಂದೆ ಪ್ರಾಂತದ ಇತರ ಭಾಗಗಳಿಗೂ ಹಬ್ಬಿತು. ನಿಜಾಮನ ಸೀಮೆಯಾಗಿದ್ದ ಕೊಪ್ಪಳ, ಗಂಗಾವತಿಗಳಿಗೆ ಅದು ಬರಲಿಲ್ಲ. ಇಲ್ಲಿಯ ನ್ಯಾಯಾಲಯದ ಭಾಷೆ ಉರ್ದು, ಕಕ್ಷಿದಾರನ ಭಾಷೆ ಕನ್ನಡ. ತನ್ನ ಮೇಲಿನ ಆರೋಪವೇನೆಂದು ತಿಳಿಯಲು ಅವನು ಮೊದಲು ಒಬ್ಬ ಓದುಗನನ್ನು ಹುಡುಕಬೇಕಾಗಿತ್ತು.

ಇಂದಿಗೂ ಜಾರಿಯಲ್ಲಿರುವ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಈ ನೆಲಕ್ಕೆ ಬಂದದ್ದು ಹೈದರಾಬಾದ್ ಭಾರತದಲ್ಲಿ ವಿಲೀನವಾದ ಮೇಲೆ, 1951ರಲ್ಲಿ. ಅದರ ಚೌಕಟ್ಟಿನಲ್ಲಿ ಸುಳ್ಳು ಸಾಲದ ದಾವೆಯೊಂದು ಹೇಗೆ ಸಾಗುತ್ತದೆಂಬುದನ್ನು ಹಳೆಯ ನಾಲ್ಕು ಪಾದಗಳ ಪಕ್ಕದಲ್ಲಿಟ್ಟು ನೋಡಬಹುದು. ಪ್ರತಿವಾದಿ 'ನಾನು ಪಡೆದೇ ಇಲ್ಲ' ಎನ್ನುತ್ತಾನೆ. ಮಿತಾಕ್ಷರೆಯ ಪ್ರಕಾರ ಹೊಣೆ ವಾದಿಯದು, ಸಾಕ್ಷ್ಯ ಕಾನೂನಿನ ಸಾಮಾನ್ಯ ನಿಯಮವೂ ಅದೇ. ಲೆಕ್ಕದ ಪುಸ್ತಕದ ನಮೂದೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸಲಾಗದೆಂದೂ ಆ ಕಾನೂನು ಹೇಳುತ್ತದೆ. ಆದರೆ ನೋಟಿನ ಮೇಲಿನ ಸಹಿ ತನ್ನದೆಂದು ಒಪ್ಪಿದೊಡನೆ ಚಿತ್ರ ಬದಲಾಗುತ್ತದೆ. 1881ರ ವರ್ಗಾವಣೀಯ ಲಿಖಿತಗಳ ಕಾಯಿದೆಯ 118ನೆಯ ಪ್ರಕರಣ, ಪ್ರತಿಫಲ ಸಂದಿದೆಯೆಂದೇ ಭಾವಿಸಿಕೊಂಡು ಮುಂದುವರಿಯಲು ಹೇಳುತ್ತದೆ. 20ನೆಯ ಪ್ರಕರಣ, ಮುದ್ರಾಂಕವಿರುವ ಖಾಲಿ ನೋಟಿಗೆ ಸಹಿ ಹಾಕಿ ಕೊಟ್ಟವನು ಅದನ್ನು ತುಂಬಿಕೊಳ್ಳುವ ಅಧಿಕಾರವನ್ನೂ ಮೇಲ್ನೋಟಕ್ಕೆ ಕೊಟ್ಟಂತೆ ಎಂದು ಹೇಳುತ್ತದೆ. ಪೇಟೆಯಲ್ಲಿ ನೋಟು ಕೈಯಿಂದ ಕೈಗೆ ನಿರಾತಂಕವಾಗಿ ಓಡಾಡಬೇಕೆಂಬುದು ಈ ನಿಯಮಗಳ ಉದ್ದೇಶ, ಅದು ಸಮಂಜಸವೇ. ಆದರೆ ಮರಳಿಯ ಸೀಮೆಯ ಸಣ್ಣ ವ್ಯಾಪಾರಿಗೆ ಅದರ ಫಲವೆಂದರೆ, ನಡೆಯದ ಸಂಗತಿ ನಡೆಯಲಿಲ್ಲವೆಂದು ಅವನೇ ಸಾಧಿಸಬೇಕು.

ಸಾಧಿಸುವುದಕ್ಕೆ ಬೇಕಾದದ್ದು ಕಾಲ, ಅದು ಇಲ್ಲಿ ಧಾರಾಳ. ಸಮನ್ಸು ಜಾರಿಯಾಗಬೇಕು, ಲಿಖಿತ ಹೇಳಿಕೆ ಬರಬೇಕು, ವಿವಾದಾಂಶಗಳು ರಚಿತವಾಗಬೇಕು, ಸಾಕ್ಷಿ ಬರಬೇಕು, ಬಂದ ದಿನ ಪಾಟೀ ಸವಾಲಿಗೆ ವಕೀಲರು ಇರಬೇಕು. ಕೈಬರಹದ ತಜ್ಞನ ವರದಿಗೆಂದು ಕಾಗದ ಹೋದರೆ ಅದು ಮರಳುವ ತನಕ ಎಲ್ಲವೂ ಸ್ತಬ್ಧ. ಒಂದು ಪಕ್ಷಕ್ಕೆ ಮೂರಕ್ಕಿಂತ ಹೆಚ್ಚು ಮುಂದೂಡಿಕೆ ಕೊಡಬಾರದೆಂಬ ತಿದ್ದುಪಡಿ 2002ರಲ್ಲಿ ಜಾರಿಗೆ ಬಂದಿತು. ಅಸಾಧಾರಣ ಸಂದರ್ಭಗಳಲ್ಲಿ ಅದನ್ನು ಮೀರಬಹುದೆಂದು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ ಅರ್ಥೈಸಿತು. ಮೊದಲ ತೀರ್ಪಿನ ಮೇಲೆ ಮೇಲ್ಮನವಿ, ಅದರ ಮೇಲೆ ಉಚ್ಚ ನ್ಯಾಯಾಲಯ. 2008ರಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಆರಂಭವಾಗುವ ತನಕ ಕೊಪ್ಪಳದವರು ಅದಕ್ಕಾಗಿ ಬೆಂಗಳೂರಿನ ರೈಲು ಹತ್ತಬೇಕಾಗಿತ್ತು.

ಈ ವರ್ಷಗಳಲ್ಲಿ ಪ್ರತಿವಾದಿ ಕಳೆದುಕೊಳ್ಳುವುದು ಹಣವನ್ನಷ್ಟೇ ಅಲ್ಲ. ತೀರ್ಪಿಗೆ ಮುಂಚೆಯೇ ಆಸ್ತಿಯನ್ನು ಜಪ್ತಿ ಮಾಡಿಸಲು ಸಂಹಿತೆಯ 38ನೆಯ ಆದೇಶದಲ್ಲಿ ಅವಕಾಶವಿದೆ. ಅಂಥ ಆಜ್ಞೆಯೊಂದು ಬಂದರೆ ಹೊಲವನ್ನು ಮಾರಲಾಗದು. ಆಜ್ಞೆ ಬಾರದಿದ್ದರೂ ಸುದ್ದಿ ಬಂದೇ ಬರುತ್ತದೆ. 'ಅವನ ಮೇಲೆ ಕೇಸಿದೆ' ಎಂಬ ಮಾತು ಪೇಟೆಯನ್ನು ಸುತ್ತಿ ಬಂದ ಮೇಲೆ ಉದ್ರಿ ಕೊಡುವವರು ಹಿಂಜರಿಯುತ್ತಾರೆ, ಮಗಳ ಸಂಬಂಧ ನೋಡಲು ಬಂದವರು ವಿಚಾರಿಸುತ್ತಾರೆ. ವಾಯಿದೆಯ ದಿನ ಅಂಗಡಿ ಮುಚ್ಚಿ ಬೆಳಗಿನ ಬಸ್ಸಿಗೆ ಹೊರಟು, ನ್ಯಾಯಾಲಯದ ಪಡಸಾಲೆಯಲ್ಲಿ ಹೆಸರು ಕೂಗುವುದನ್ನೇ ಕಾದು, ಮತ್ತೊಂದು ತಾರೀಖು ಬರೆದುಕೊಂಡು ಸಂಜೆ ಮರಳುವುದು. ಸತ್ಯ ತನ್ನ ಕಡೆಗಿದೆಯೆಂಬ ಅರಿವು ಮೊದಲ ಕೆಲವು ವರ್ಷ ಧೈರ್ಯ ಕೊಡುತ್ತದೆ, ಅನಂತರ ಅದೇ ಅರಿವು ಕೊರೆಯತೊಡಗುತ್ತದೆ. ಅರ್ಧ ಕೊಟ್ಟು ರಾಜಿ ಮಾಡಿಕೊಳ್ಳಿರೆಂದು ಹಿತೈಷಿಗಳೇ ಹೇಳುವ ಹೊತ್ತು ಬರುತ್ತದೆ. ಸುಳ್ಳು ದಾವೆ ಹೂಡಿದವನು ಬಹಳ ಸಲ ಎದುರು ನೋಡುವುದು ತೀರ್ಪನ್ನಲ್ಲ, ಈ ಹೊತ್ತನ್ನು. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ಇಬ್ಬರಿಗೂ ಸಮನಾಗಿ ಅನ್ವಯಿಸುವಂತೆ ಕೇಳಿಸುತ್ತದೆ. ಆದರೆ ಎಳೆದಾಡುವುದನ್ನೇ ಬಂಡವಾಳ ಮಾಡಿಕೊಂಡವನಿಗೆ ಅದು ಅಷ್ಟಾಗಿ ತಾಗುವುದಿಲ್ಲ.

ಹಾಗಾದರೆ ಸುಳ್ಳಿಗೆ ಇಂದು ಬೆಲೆ ಎಷ್ಟು? ಸುಳ್ಳು ಅಥವಾ ಪೀಡಕ ಎಂದು ತಿಳಿದೂ ಹೂಡಿದ ದಾವೆಗೆ ಪರಿಹಾರ ರೂಪದ ವೆಚ್ಚ ವಿಧಿಸುವ 35-ಎ ಪ್ರಕರಣವನ್ನು 1922ರಲ್ಲಿ ಸಂಹಿತೆಗೆ ಸೇರಿಸಲಾಯಿತು. ಗರಿಷ್ಠ ಮಿತಿ 1,000 ರೂಪಾಯಿ. 1976ರ ತಿದ್ದುಪಡಿ ಅದನ್ನು 3,000 ರೂಪಾಯಿಗೆ ಏರಿಸಿತು. ದಾವೆಯ ಮೊತ್ತ ಹತ್ತು ಲಕ್ಷವಿರಲಿ, ಐವತ್ತು ಲಕ್ಷವಿರಲಿ, ಸುಳ್ಳಿನ ಬೆಲೆ ಮೂರು ಸಾವಿರ. ಮೊತ್ತ ದೊಡ್ಡದಾದಷ್ಟೂ ಅದರ ಎರಡರಷ್ಟಾಗಿ ಬೆಳೆಯುವ ಮಿತಾಕ್ಷರೆಯ ದಂಡದ ಮುಂದೆ, ಮೊತ್ತ ದೊಡ್ಡದಾದಷ್ಟೂ ಹಾಸ್ಯಾಸ್ಪದವಾಗುವ ದಂಡ ಇದು. ಒಂದು ಮಾತನ್ನು ಮಾತ್ರ ಹೊಸ ಕಾನೂನಿನ ಪರವಾಗಿ ಹೇಳಬೇಕು: ಆ ಮೂರು ಸಾವಿರ ಅರಸನ ಬೊಕ್ಕಸಕ್ಕಲ್ಲ, ಪೀಡನೆಗೊಳಗಾದವನಿಗೆ ಸೇರುತ್ತದೆ.

ನ್ಯಾಯಪೀಠಗಳಿಗೆ ಈ ಕೊರತೆ ಕಾಣಲಿಲ್ಲವೆಂದಲ್ಲ. ಬೆಂಗಳೂರಿನ ಬಾಡಿಗೆ ಕಟ್ಟಡವೊಂದರಿಂದ ತೆರವಾಗಬೇಕಾದವನು ಒಂದರ ಮೇಲೊಂದು ದಾವೆ ಹೂಡುತ್ತಿದ್ದ ಪ್ರಕರಣ 1977ರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ಮುಂದೆ ಬಂದಿತು. ವಾದಪತ್ರವನ್ನು ಅರ್ಥಪೂರ್ಣವಾಗಿ ಓದಿ, ಹುರುಳಿಲ್ಲದ ದಾವೆಯನ್ನು ಮೊದಲ ವಿಚಾರಣೆಯಲ್ಲಿಯೇ ತಳ್ಳಿಹಾಕಬೇಕೆಂದೂ, ವಾದಿಯನ್ನು ಆರಂಭದಲ್ಲಿಯೇ ಪ್ರಶ್ನಿಸಬೇಕೆಂದೂ ಅವರು ವಿಚಾರಣಾ ನ್ಯಾಯಾಧೀಶರಿಗೆ ತಿಳಿಸಿದರು. ದೋಷವುಳ್ಳ ವಾದಪತ್ರಗಳನ್ನು 'ಪಕ್ಷಾಭಾಸ' ಎಂದು ಕರೆದು ಹೊಸ್ತಿಲಲ್ಲಿಯೇ ನಿಲ್ಲಿಸುವ ಮಿತಾಕ್ಷರೆಯ ವಿವೇಚನೆಗೆ ಇದು ತೀರ ಸಮೀಪದ ಮಾತು. ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ದಶಕಕ್ಕೂ ಹೆಚ್ಚು ಕಾಲ ನ್ಯಾಯಮೂರ್ತಿಯಾಗಿದ್ದ ಆರ್. ವಿ. ರವೀಂದ್ರನ್ ಅವರು ಸರ್ವೋಚ್ಚ ನ್ಯಾಯಾಲಯದ 2010ರ ತೀರ್ಪೊಂದರಲ್ಲಿ ವೆಚ್ಚದ ನಿಯಮಗಳ ದುರ್ಬಲತೆಯನ್ನು ಎತ್ತಿ ತೋರಿಸಿದರು. ಕಾನೂನು ಆಯೋಗದ 2012ರ 240ನೆಯ ವರದಿ ಇದೇ ವಿಷಯಕ್ಕೆ ಮೀಸಲಾಯಿತು. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆ ವಾಣಿಜ್ಯ ವಿವಾದಗಳ ಮಟ್ಟಿಗೆ ಆ ಮೂರು ಸಾವಿರದ ಮಿತಿಯನ್ನು ತೆಗೆದುಹಾಕಿತು. 1 ಕೋಟಿ ರೂಪಾಯಿಯಿದ್ದ ಕನಿಷ್ಠ ಮೌಲ್ಯವನ್ನು 2018ರಲ್ಲಿ 3 ಲಕ್ಷಕ್ಕೆ ಇಳಿಸಿದ ಮೇಲೆ ಗಂಗಾವತಿಯ ದಲಾಲಿ ಅಂಗಡಿಯ ಜಗಳಗಳೂ ಅದರ ವ್ಯಾಪ್ತಿಗೆ ಬರುವಂತಾಯಿತು. ಕೈಗಡದ ಹೆಸರಿನಲ್ಲಿ ಹೂಡುವ ಸಾಮಾನ್ಯ ದಾವೆಗೆ ಹಳೆಯ ಮಿತಿಯೇ ಉಳಿದಿದೆ.

ಕೊನೆಗೊಂದು ದಿನ ತೀರ್ಪು ಬರುತ್ತದೆ. ನೋಟಿನ ಮೊತ್ತವನ್ನು ಆಮೇಲೆ ತುಂಬಲಾಗಿದೆ, ಪ್ರತಿಫಲ ಸಂದಿಲ್ಲ, ದಾವೆ ವೆಚ್ಚಸಹಿತ ವಜಾ. ವೆಚ್ಚವೆಂದರೆ ನಿಯಮದಂತೆ ಲೆಕ್ಕಹಾಕಿದ ವಕೀಲರ ಶುಲ್ಕ, ಅರ್ಜಿಗಳ ಸಣ್ಣಪುಟ್ಟ ಮೊತ್ತ. ಮುಚ್ಚಿದ ಅಂಗಡಿಯ ದಿನಗಳಿಗೆ ಅದರಲ್ಲಿ ಅಂಕಣವಿಲ್ಲ. ತೀರಿದ ಸಾಲದ ದಿನವೇ ಹರಿದು ಹಾಕಬೇಕಾಗಿದ್ದ ಆ ಕಾಗದವನ್ನು ಈಗಲೂ ಯಾರೂ ಹರಿಯುವುದಿಲ್ಲ. ತೀರ್ಪಿನಿಂದ ಪೂರ್ತಿಯಾಗಿ ನಿರರ್ಥಕವಾದ ದಸ್ತಾವೇಜನ್ನು ಹಾಜರುಪಡಿಸಿದವನಿಗೆ ಹಿಂದಿರುಗಿಸಬಾರದೆಂದು ಸಂಹಿತೆಯ 13ನೆಯ ಆದೇಶ ಹೇಳುತ್ತದೆ. ಆದ್ದರಿಂದ ಅದು ನಿಶಾನೆ ಪಿ-1 ಎಂಬ ಗುರುತು ಹೊತ್ತು, ದಾರ ಕಟ್ಟಿದ ಕಡತದೊಳಗೆ, ದಾಖಲೆ ಕೊಠಡಿಯ ಕಪಾಟಿನಲ್ಲಿ ಉಳಿಯುತ್ತದೆ.